ಲೋಲಕದ ಶಕ್ತಿ ತಾನಾಗಿ ಏರುತ್ತಿದೆ, ನರಕೋಶ ಸ್ಪೈಕ್ ಕೊಡುತ್ತಿಲ್ಲ: ಪೈಥಾನ್ ಗೊತ್ತಿರುವವರು ನೋಡಿ

ಚಿಂಚವಾಡ_ಶನಿವಾರ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನಮ್ಮ ಸೊಸೈಟಿಯ ಕನ್ನಡ ಮಕ್ಕಳಿಗೆ ಶನಿವಾರ ಸಂಜೆ ವಿಜ್ಞಾನ ಹೇಳಿಕೊಡುತ್ತೇನೆ, ಎಂಟು-ಒಂಬತ್ತನೇ ಕ್ಲಾಸಿನವರು. ಇಲ್ಲಿನ ಖಗೋಳ ಸಂಶೋಧನಾ ಕೇಂದ್ರ ಆಯುಕಾದಲ್ಲಿ ಫೂಕೋ ಲೋಲಕ (ಭೂಮಿ ತಿರುಗುವುದನ್ನು ತೋರಿಸುವ ದೊಡ್ಡ ತೂಗುಗುಂಡು) ನೋಡಿ ಬಂದಮೇಲೆ ಒಬ್ಬಳು ಕೇಳಿದಳು: ಗುಂಡು ಓಡ್ತಾ ಇರುವಾಗಲೂ ಅದರಲ್ಲಿ ಪೊಟೆನ್ಶಿಯಲ್ ಎನರ್ಜಿ ಇರುತ್ತಾ? ಪಕ್ಕದಲ್ಲಿದ್ದ ಹುಡುಗನದು ಇನ್ನೊಂದು ಪ್ರಶ್ನೆ, ನರದಲ್ಲೂ ಪೊಟೆನ್ಶಿಯಲ್ ಅಂತಾರಲ್ಲ, ಅದೂ ಇದೇನಾ? ಎರಡನ್ನೂ ಪರದೆ ಮೇಲೆ ತೋರಿಸೋಣ ಅಂತ ಎರಡು ಪ್ರೋಗ್ರಾಂ ಬರೆದಿದ್ದೇನೆ. ಎರಡೂ ಕೈಕೊಡುತ್ತಿವೆ.

ಲೋಲಕ: 1 ಮೀಟರ್ ದಾರ, 200 ಗ್ರಾಂ ಗುಂಡು, 30 ಡಿಗ್ರಿಯಿಂದ ಬಿಟ್ಟಿದ್ದು. ಘರ್ಷಣೆ ಹಾಕಿಲ್ಲ. ಒಟ್ಟು ಶಕ್ತಿ 0.26 ಜೂಲ್‌ನಲ್ಲೇ ನೇರ ಗೆರೆಯಾಗಿ ಇರಬೇಕು, ಅಲ್ವಾ? ಅದು ಏಳೆಂಟು ಸೆಕೆಂಡಿಗೆ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ. ಸಾದಾ ಆಯ್ಲರ್ ವಿಧಾನ (ಈಗಿನ ಬೆಲೆಯಿಂದ ಮುಂದಿನ ಕ್ಷಣದ ಬೆಲೆಯನ್ನು ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕುವುದು), ಹೆಜ್ಜೆ 0.01 ಸೆಕೆಂಡ್.

ನರಕೋಶ: ಹಾಜ್‌ಕಿನ್-ಹಕ್ಸ್‌ಲಿ ಮಾದರಿ (ನರಕೋಶದ ಪೊರೆಯ ವೋಲ್ಟೇಜ್ ಲೆಕ್ಕ ಹಾಕುವ ಸಮೀಕರಣಗಳು), ಹೆಜ್ಜೆ 0.01 ಮಿಲಿಸೆಕೆಂಡ್. −65 ಮಿಲಿವೋಲ್ಟ್‌ನಿಂದ ಶುರು ಮಾಡುತ್ತೇನೆ. ಕರೆಂಟ್ ಕೊಡದಿದ್ದರೆ −54.4ಕ್ಕೆ ಏರಿ ಅಲ್ಲೇ ಕೂರುತ್ತದೆ. ಚದರ ಸೆಂಟಿಮೀಟರಿಗೆ 10 ಮೈಕ್ರೋಆಂಪ್ ಕೊಟ್ಟರೆ ಮೆಲ್ಲಗೆ −21ರ ಹತ್ತಿರ ಹೋಗಿ ನಿಲ್ಲುತ್ತದೆ. ಒಂದೇ ಒಂದು ಸ್ಪೈಕ್ (ನರದ ಸಂಕೇತವಾದ ವೋಲ್ಟೇಜ್ ಜಿಗಿತ) ಇಲ್ಲ. ಗೇಟ್‌ಗಳ (ಪೊರೆಯ ಅಯಾನ್ ಚಾನೆಲ್‌ಗಳ ಬಾಗಿಲು) ರೇಟ್ ಸೂತ್ರ, ಅಂದರೆ ಅವು ಎಷ್ಟು ಬೇಗ ತೆರೆದು ಮುಚ್ಚುತ್ತವೆ ಅನ್ನುವುದು, ಒಂದು ಪಿಡಿಎಫ್‌ನಿಂದ ತಗೊಂಡಿದ್ದು. ಸೋಡಿಯಂ, ಪೊಟ್ಯಾಸಿಯಂ, ಲೀಕ್ (ಸದಾ ತೆರೆದಿರುವ ಸೋರಿಕೆ ದಾರಿ) ಇವುಗಳ 50, −77, −54.4 ಈ ಮೂರು ವೋಲ್ಟೇಜ್ ಬೇರೆ ನೋಟ್ಸ್‌ನಿಂದ.

ಡೊಂಬಿವಲಿ_ಫಾಸ್ಟ್

ಲೋಕಲ್‌ನಲ್ಲಿ ನಿಂತುಕೊಂಡೇ ಟೈಪ್ ಮಾಡುತ್ತಿದ್ದೇನೆ, ಲೋಲಕದ್ದು ಮಾತ್ರ ಹೇಳುತ್ತೇನೆ.

ನಿಮ್ಮ ಭೌತಶಾಸ್ತ್ರ ಸರಿಯಾಗಿಯೇ ಇದೆ, ತೊಂದರೆ ಆಯ್ಲರ್‌ದು. ಸಾದಾ ಆಯ್ಲರ್ ಪ್ರತಿ ಹೆಜ್ಜೆಗೂ ಸ್ವಲ್ಪ ಶಕ್ತಿಯನ್ನು ಪುಕ್ಕಟೆ ಸೇರಿಸುತ್ತದೆ. ಸಣ್ಣ ತೂಗಾಟಕ್ಕೆ ಲೆಕ್ಕ ಹಾಕಿ: ಗುರುತ್ವ 9.8, ದಾರ 1 ಮೀಟರ್, ಹೆಜ್ಜೆಯ ವರ್ಗ 0.0001. ಗುಣಿಸಿದರೆ ಹೆಜ್ಜೆಗೆ 0.00098 ಪಾಲು ಜಾಸ್ತಿ. ಸೆಕೆಂಡಿಗೆ 100 ಹೆಜ್ಜೆ, ಅಂದರೆ ಸೆಕೆಂಡಿಗೆ ಸುಮಾರು ಶೇ. 10. ನೀವು ಹೇಳಿದ ಏಳೆಂಟು ಸೆಕೆಂಡ್ ಇದಕ್ಕೆ ಸರಿಯಾಗಿ ಕೂರುತ್ತದೆ.

ಪರಿಹಾರ ಒಂದೇ ಸಾಲಿನದು. ಮೊದಲು ಕೋನವೇಗವನ್ನು ಹೊಸದು ಮಾಡಿ, ಆಮೇಲೆ ಕೋನ ಬದಲಿಸುವಾಗ ಆ ಹೊಸ ವೇಗವನ್ನೇ ಬಳಸಿ. ಈಗ ಎರಡಕ್ಕೂ ಹಳೆಯದನ್ನೇ ಬಳಸುತ್ತಿದ್ದೀರಿ ಅನ್ನಿಸುತ್ತದೆ. ಬದಲಿಸಿದರೆ ಶಕ್ತಿಯ ಗೆರೆ ಒಂಚೂರು ನಡುಗುತ್ತದೆ, ಆದರೆ ಏರುತ್ತಾ ಹೋಗುವುದಿಲ್ಲ.

ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ಓಡುವಾಗಲೂ ಇರುತ್ತದೆ ಅಂತ ಧೈರ್ಯವಾಗಿ ಹೇಳಿ. ಅದು ಗುಂಡು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ, ಎಷ್ಟು ಜೋರಾಗಿ ಹೋಗುತ್ತಿದೆ ಅನ್ನುವುದರ ಮೇಲಲ್ಲ. 30 ಡಿಗ್ರಿಯಲ್ಲಿ ಗುಂಡು ತಳಕ್ಕಿಂತ 13.4 ಸೆಂಟಿಮೀಟರ್ ಮೇಲಿರುತ್ತದೆ. ತಳಕ್ಕೆ ಬರುವಾಗ ವೇಗ ಸೆಕೆಂಡಿಗೆ 1.6 ಮೀಟರ್. ನಡುವೆ ಎಲ್ಲಿ ನೋಡಿದರೂ ಎರಡು ಶಕ್ತಿಯೂ ಒಟ್ಟಿಗೇ ಇರುತ್ತವೆ. ತಳದಲ್ಲಿ ಸೊನ್ನೆ ಅನ್ನುವುದು ಕೂಡ ನಾವು ಇಟ್ಟುಕೊಂಡ ಸೊನ್ನೆ. ನೆಲದಿಂದ ಅಳೆದರೆ ಅಲ್ಲೂ ಸೊನ್ನೆ ಬರುವುದಿಲ್ಲ.

ಠಾಣೆ ಬಂತು. ನರದ್ದು ಬೇರೆ ಯಾರಾದರೂ ನೋಡಿ.

ಫೋಂಡಾ_ಮೇಷ್ಟ್ರು

ಮೇಲಿನವರು ಕೊನೆಗೆ ಹೇಳಿದ ಸೊನ್ನೆಯ ಮಾತಿದೆಯಲ್ಲ, ನಿಮ್ಮ ನರಕೋಶದ ರೋಗವೂ ಅದೇ.

ನೀವು ಕೊಟ್ಟ ಎರಡು ಅಂಕಿಯಲ್ಲೇ ಎಲ್ಲ ಇದೆ. −54.4 ಅನ್ನುವುದು ಲೀಕ್‌ನ ವೋಲ್ಟೇಜ್. ಪೊರೆ ಅಲ್ಲಿಗೇ ಹೋಗಿ ಕೂತಿದೆ ಅಂದರೆ ಸೋಡಿಯಂ, ಪೊಟ್ಯಾಸಿಯಂ ಎರಡೂ ಗೇಟ್ ಪೂರ್ತಿ ಮುಚ್ಚಿವೆ, ಲೀಕ್ ಒಂದೇ ಕೆಲಸ ಮಾಡುತ್ತಿದೆ. ಇನ್ನು 10 ಮೈಕ್ರೋಆಂಪನ್ನು ಲೀಕ್‌ನ 0.3 ಮಿಲಿಸೀಮನ್ಸ್‌ನಿಂದ ಭಾಗಿಸಿ. 33.3 ಮಿಲಿವೋಲ್ಟ್. −54.4ಕ್ಕೆ ಸೇರಿಸಿದರೆ −21. ನಿಮ್ಮ ನರಕೋಶ ಈಗ ಬರೀ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್.

ಗೇಟ್ ಯಾಕೆ ಮುಚ್ಚಿವೆ? ಪಿಡಿಎಫ್‌ನ ಸೂತ್ರಗಳು 1952ರ ಕ್ರಮದಲ್ಲಿವೆ ಅಂತ ನನ್ನ ಲೆಕ್ಕ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಅನ್ನುವ ಕಡಲಜೀವಿಯ ದಪ್ಪ ಆಕ್ಸಾನ್ (ನರತಂತು) ಮೇಲೆ ಕೆಲಸ ಮಾಡುವಾಗ ವಿಶ್ರಾಂತಿ ಸ್ಥಿತಿಯನ್ನೇ ಸೊನ್ನೆ ಅಂತ ಇಟ್ಟುಕೊಂಡಿದ್ದರು. ಈಗಿನ ನೋಟ್ಸ್‌ಗಳಲ್ಲಿ ಜೀವಕೋಶದ ಹೊರಗಿನ ದ್ರವ ಸೊನ್ನೆ, ವಿಶ್ರಾಂತಿ −65. ಒಂದು ಬಿಲ್ಡಿಂಗ್‌ನ ಲಿಫ್ಟ್ ಪಾರ್ಕಿಂಗ್ ಮಹಡಿಯನ್ನು ಸೊನ್ನೆ ಅನ್ನುತ್ತದೆ, ಪಕ್ಕದ ಬಿಲ್ಡಿಂಗ್‌ನದು ಅದರ ಮೇಲಿನದನ್ನು. ಎರಡೂ ಸರಿ, ಆದರೆ ಅಲ್ಲಿಯ ನಂಬರ್ ಹಿಡಿದು ಇಲ್ಲಿ ಮನೆ ಹುಡುಕಿದರೆ ಸಿಗುವುದಿಲ್ಲ. ನೀವು −65 ಅನ್ನು ಹಾಗೇ ಹಳೇ ಸೂತ್ರಕ್ಕೆ ಕೊಟ್ಟರೆ ಅದು "ವಿಶ್ರಾಂತಿಗಿಂತ 65 ಕೆಳಗೆ" ಅಂತ ಓದಿಕೊಳ್ಳುತ್ತದೆ. ಅಷ್ಟು ಕೆಳಗೆ ಯಾವ ಗೇಟೂ ತೆರೆಯಲ್ಲ.

ಗುರುತು ಹಿಡಿಯುವುದು ಸುಲಭ. ಸೋಡಿಯಂ ಗೇಟ್ ತೆರೆಯುವ ರೇಟ್, ಅಂದರೆ ಆಲ್ಫಾ-ಎಂ ಸೂತ್ರ ತೆಗೆದು ನೋಡಿ. "ವೋಲ್ಟೇಜ್ ಕೂಡಿಸು 40" ಇದ್ದರೆ ಹೊಸದು. "25 ಕಳೆ ವೋಲ್ಟೇಜ್" ಇದ್ದರೆ ವಿಶ್ರಾಂತಿ ಸೊನ್ನೆ, ಆಗ ರೇಟ್ ಲೆಕ್ಕ ಹಾಕುವ ಕಡೆಯಲ್ಲೆಲ್ಲ ನಿಮ್ಮ ವೋಲ್ಟೇಜ್‌ಗೆ 65 ಸೇರಿಸಿ ಕೊಡಿ, ಬೇರೆ ಎಲ್ಲೂ ಕೈ ಹಾಕಬೇಡಿ. "ವೋಲ್ಟೇಜ್ ಕೂಡಿಸು 25" ಅಂತಿದ್ದರೆ ಅದು ಮೂಲ ಪ್ರಬಂಧದ ರೂಪ, ಅಲ್ಲಿ ಚಿಹ್ನೆಯೂ ಉಲ್ಟಾ. 65 ಸೇರಿಸಿ ಬಂದದ್ದರ ಚಿಹ್ನೆಯನ್ನೂ ತಿರುಗಿಸಿ ಕೊಡಬೇಕು.

ಆ ಹುಡುಗನಿಗೆ ಹೀಗೆ ಹೇಳಬಹುದು. ನರದ ಪೊಟೆನ್ಶಿಯಲ್ ಶಕ್ತಿಯಲ್ಲ, ಒಂದು ಕೂಲಂಬ್ ಚಾರ್ಜಿಗೆ ಎಷ್ಟು ಜೂಲ್ ಅನ್ನುವ ಲೆಕ್ಕ. ಪೊರೆಯ ಒಳಗೂ ಹೊರಗೂ ಇರುವ ವ್ಯತ್ಯಾಸ ಅದು. 65 ಮಿಲಿವೋಲ್ಟ್ ಕೇಳಿದರೆ ಏನೂ ಅನ್ನಿಸಲ್ಲ, ಆದರೆ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್ ಅಷ್ಟೇ. ಭಾಗಿಸಿ ನೋಡಿ, ಮೀಟರಿಗೆ 1.3 ಕೋಟಿ ವೋಲ್ಟ್. ಇದನ್ನು ಬೋರ್ಡ್ ಮೇಲೆ ಮಕ್ಕಳ ಕೈಯಲ್ಲೇ ಮಾಡಿಸಿ.

ಚಿಂಚವಾಡ_ಶನಿವಾರ

ಬಂತು ಬಂತು! "25 ಕಳೆ" ಅಂತಲೇ ಇತ್ತು. 65 ಸೇರಿಸಿದ ತಕ್ಷಣ ಸ್ಪೈಕ್. ಮೊದಲನೆಯದು +40ರ ಹತ್ತಿರ ಹೋಗುತ್ತದೆ, ಆಮೇಲೆ ಸುಮಾರು 15 ಮಿಲಿಸೆಕೆಂಡಿಗೊಂದರಂತೆ ಬರುತ್ತಿವೆ. ಪ್ರತಿ ಸ್ಪೈಕ್ ಆದಮೇಲೆ −65ಕ್ಕಿಂತ ಕೆಳಗಿಳಿದು ಮೆಲ್ಲಗೆ ವಾಪಸ್ ಏರುವುದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಸುಮ್ನೆ ನೋಡ್ತಾ ಕೂತಿದ್ದೆ. ಲೋಲಕದ ಗೆರೆಯೂ ನೇರವಾಯಿತು. ಇಬ್ಬರಿಗೂ ಧನ್ಯವಾದ.

ಎರಡು ಅನುಮಾನ ಉಳಿದಿವೆ. ಶುರುವಿನ ವೋಲ್ಟೇಜ್ −55 ಅಂತ ಕೊಟ್ಟರೆ ಎಲ್ಲ ಉತ್ತರವೂ 'ನ್ಯಾನ್' (ಸಂಖ್ಯೆಯೇ ಅಲ್ಲ ಅನ್ನುವ ಗುರುತು) ಬರುತ್ತದೆ. −54 ಕೊಟ್ಟರೆ ಬರಲ್ಲ. ಇನ್ನೊಂದು, ಲೋಲಕವನ್ನು ಕೆಡಿಸಿದ ಅದೇ ಸಾದಾ ಆಯ್ಲರ್ ಇಲ್ಲಿ ಹೇಗೆ ನಡೆಯುತ್ತಿದೆ?

ಫೋಂಡಾ_ಮೇಷ್ಟ್ರು

−55ರಲ್ಲಿ ಪೊಟ್ಯಾಸಿಯಂನ ಆಲ್ಫಾ-ಎನ್ ಸೂತ್ರ ಸೊನ್ನೆ ಭಾಗಿಸು ಸೊನ್ನೆ ಆಗುತ್ತದೆ. −40ರಲ್ಲಿ ಆಲ್ಫಾ-ಎಂ ಕೂಡ ಹಾಗೇ. ಪ್ರಕೃತಿಯಲ್ಲಿ ಅಲ್ಲೇನೂ ಆಗುವುದಿಲ್ಲ, ಸೂತ್ರ ಬರೆದ ರೀತಿ ಹಾಗಿದೆ. ಆ ಬಿಂದುವಿಗೆ ತೀರಾ ಹತ್ತಿರ ಬಂದರೆ ಆಲ್ಫಾ-ಎನ್‌ಗೆ 0.1, ಆಲ್ಫಾ-ಎಂಗೆ 1 ಅಂತ ನೇರ ಕೊಡುವ ಒಂದು 'ಇಫ್' ಹಾಕಿಬಿಡಿ.

ಆಯ್ಲರ್ ವಿಷಯ: ಘರ್ಷಣೆ ಇಲ್ಲದ ಲೋಲಕದಲ್ಲಿ ಹೆಚ್ಚಾದ ಶಕ್ತಿ ಹೊರಗೆ ಹೋಗಲು ದಾರಿಯೇ ಇಲ್ಲ, ಸೇರುತ್ತಾ ಹೋಗುತ್ತದೆ. ಪೊರೆಯಲ್ಲಿ ಚಾನೆಲ್‌ಗಳ ಮೂಲಕ ಸದಾ ಸೋರುತ್ತಿರುತ್ತದೆ, ಸಣ್ಣ ವ್ಯತ್ಯಾಸ ಅಳಿಸಿಹೋಗುತ್ತದೆ. ನಿಜವಾದ ನರದಲ್ಲಿ ಆ ಸೋರಿಕೆಯನ್ನು ತುಂಬುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್. ಒಂದು ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ನಿಮ್ಮ ಪ್ರೋಗ್ರಾಂನಲ್ಲಿ ಪಂಪ್ ಇಲ್ಲ, 50 ಮತ್ತು −77 ಬದಲಾಗುವುದೇ ಇಲ್ಲ ಅಂತ ಮೊದಲೇ ಒಪ್ಪಿಕೊಂಡಿದ್ದೀರಿ. ಮಕ್ಕಳಿಗೆ ಇದನ್ನು ಹೇಳದೆ ಬಿಡಬೇಡಿ. ಹೆಜ್ಜೆಯನ್ನು ಮಾತ್ರ 0.01 ಮಿಲಿಸೆಕೆಂಡಿಗಿಂತ ದೊಡ್ಡದು ಮಾಡಬೇಡಿ, ಸ್ಪೈಕ್ ಏರುವಾಗ ಎಲ್ಲವೂ ಬಹಳ ಬೇಗ ಬದಲಾಗುತ್ತದೆ.

ಶನಿವಾರ ತೋರಿಸುವಾಗ ಕರೆಂಟನ್ನು ಮೊದಲು 1 ಮೈಕ್ರೋಆಂಪ್ ಇಡಿ. ಒಂದು ಸಣ್ಣ ಉಬ್ಬು ಬಂದು ಹೋಗುತ್ತದೆ, ಅಷ್ಟೇ. ಆಮೇಲೆ ಮಕ್ಕಳ ಕೈಯಲ್ಲೇ ಸ್ವಲ್ಪ ಸ್ವಲ್ಪ ಏರಿಸುತ್ತಾ 10ರವರೆಗೆ ಹೋಗಿ.