ಮಾರಿದ್ದು ಸೋಮವಾರ, ದುಡ್ಡು ಯಾವ ವಾರ?

ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮ ಗಾಣದ ಶೆಟ್ಟರ ಅಂಗಡಿಯಿದೆ. ಗಲ್ಲಾಪೆಟ್ಟಿಗೆಯ ನೆತ್ತಿಯ ಮೇಲೆ ಅವರ ತಂದೆಯ ಕಾಲದ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ಈಗಲೂ ತೂಗುತ್ತಿದೆ. ಸೋದರಳಿಯನ ಮಾತು ಕೇಳಿ ಶೆಟ್ಟರು ಗಾಣದ ಕೊಬ್ಬರಿ ಎಣ್ಣೆಯನ್ನು ಆನ್‌ಲೈನಿನಲ್ಲಿ ಮಾರಲು ಹೊರಟ ಮೇಲೆ, ಆ ಫಲಕದ ಅಡಿಯಲ್ಲೇ ಕುಳಿತು ಅವರು ಕಾನ್ಪುರದಿಂದ ಕನ್ಯಾಕುಮಾರಿಯವರೆಗೆ ಉದ್ರಿ ಕೊಡುತ್ತಿದ್ದಾರೆ ಎಂಬುದು ಸಂಜೆ ಅವರ ಜಗಲಿಯ ಮೇಲೆ ಸೇರುವ ನಮ್ಮ ಗುಂಪಿನ ಸರ್ವಾನುಮತದ ತೀರ್ಮಾನ. ಶೆಟ್ಟರು ಮಾತ್ರ ಒಪ್ಪುವುದಿಲ್ಲ. “ಉದ್ರಿಯಾದರೆ ಕೊಂಡವನು ದುಡ್ಡು ಕೊಟ್ಟಿರುವುದಿಲ್ಲ. ಇಲ್ಲಿ ಕೊಂಡವನು ಆಗಲೇ ಕೊಟ್ಟಿದ್ದಾನೆ, ಮಾರಿದವನಿಗೆ ಇನ್ನೂ ಬಂದಿಲ್ಲ. ಹಾಗಾದರೆ ನಡುವೆ ಆ ದುಡ್ಡು ಯಾರ ಮನೆಯಲ್ಲಿ ಉಂಡು ಮಲಗಿದೆ?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮಲ್ಲಿ ವಿದ್ವಾಂಸರಿಗೆ ಕೊರತೆಯಿಲ್ಲ. ಮೈಸೂರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ರಾಯರಿದ್ದಾರೆ. ಎಲ್ಲವನ್ನೂ ಗುಣಿಸಿ ನೋಡುವ ಗಣಿತದ ಮೇಷ್ಟ್ರಿದ್ದಾರೆ. ಸ್ವಂತ ವೆಬ್‌ಸೈಟಿನಲ್ಲಿ ಚಟ್ನಿಪುಡಿ, ಹುರಿಹಿಟ್ಟು ಮಾರುವ ಅಕ್ಕ ಇದ್ದಾರೆ. ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ. ಇವರೆಲ್ಲರ ಪೈಕಿ ವಿಷಯ ಗೊತ್ತಿರುವುದು ಅವನಿಗೇ, ಆದರೆ ಎಲ್ಲರಿಗಿಂತ ಕಿರಿಯನಾದ್ದರಿಂದ ಅವನ ಸರದಿ ಬರುವುದು ಕೊನೆಗೆ.

ಮೊದಲ ಮಾತು ಪದ್ಧತಿಯಂತೆ ರಾಯರದು. “ಭಾನುವಾರ ಬ್ಯಾಂಕಿಗೆ ರಜೆ. ನೆಫ್ಟ್‌ನಲ್ಲಿ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ವ್ಯವಸ್ಥೆಯಲ್ಲಿ, ದುಡ್ಡು ಸೋಮವಾರ ಬೆಳಿಗ್ಗೆ ಹೊರಟು ಸಂಜೆ ಸೇರುತ್ತದೆ, ತಾಳ್ಮೆಯಿರಲಿ” ಎಂದು ಅವರು ಸಹಿ ಹಾಕುವ ಗತ್ತಿನಲ್ಲಿ ಹೇಳಿದರು. ಹುಡುಗ ತಲೆ ಕೆರೆದುಕೊಂಡು, “ಸಾರ್, 2019ರ ಡಿಸೆಂಬರ್ 16ರಿಂದ ನೆಫ್ಟ್ ಹಗಲು ರಾತ್ರಿ ಎನ್ನದೆ, ರಜೆಯೆನ್ನದೆ, ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಸಲ ಓಡುತ್ತಿದೆ” ಎಂದ. ರಾಯರು ನಿವೃತ್ತರಾದದ್ದು ಅದಕ್ಕಿಂತ ಮೊದಲು. ಅವರ ಬ್ಯಾಂಕೇ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, “ನಮ್ಮ ಕಾಲದಲ್ಲಿ ದುಡ್ಡಿಗೂ ವಿಶ್ರಾಂತಿ ಇರುತ್ತಿತ್ತು” ಎಂದರು.

“ಅರ್ಧ ಗಂಟೆಗೊಮ್ಮೆ ಓಡುವ ದುಡ್ಡು ನನ್ನ ಅಂಗಡಿಗೆ ಬರಲು ಅರ್ಧ ತಿಂಗಳು ತೆಗೆದುಕೊಳ್ಳುವುದು ಯಾವ ನ್ಯಾಯ?” ಎಂದು ಶೆಟ್ಟರು ಪಟ್ಟು ಹಿಡಿದರು. ಆಗ ಹುಡುಗನ ಸರದಿ ಬಂತು. ಬ್ಯಾಂಕಿನ ಅರ್ಧ ಗಂಟೆ ಈ ಕಥೆಯ ಕೊನೆಯ ಅರ್ಧ ಗಂಟೆ ಮಾತ್ರ ಎಂದು ಅವನು ವಿವರಿಸಿದ. ಒಂದನೆಯ ತಾರೀಕು ಸೋಮವಾರ ಆರ್ಡರ್ ಬಂತು ಎಂದುಕೊಳ್ಳಿ. ಶೆಟ್ಟರು ಮಂಗಳವಾರ ಪಾರ್ಸೆಲ್ ಕಟ್ಟಿ ಕೊರಿಯರ್‌ನವನ ಕೈಗೆ ಕೊಟ್ಟರು. ಅದು ಆರನೆಯ ತಾರೀಕು ಶನಿವಾರ ಗಿರಾಕಿಯ ಬಾಗಿಲು ತಲುಪಿತು. ಮಾರಾಟದ ವೇದಿಕೆಯ, ಅಂದರೆ ಶೆಟ್ಟರ ಎಣ್ಣೆಯನ್ನು ಆನ್‌ಲೈನಿನಲ್ಲಿ ಮಾರಿಕೊಡುವ ಕಂಪನಿಯ, ಗಡಿಯಾರಕ್ಕೆ ಕೀಲಿ ಕೊಡುವುದೇ ಆ ಶನಿವಾರ. ಅಲ್ಲಿಂದ ಏಳು ದಿನ ಮಾಲನ್ನು ಹಿಂತಿರುಗಿಸುವ ಅವಕಾಶವೆಂದು ಹಿಡಿದರೆ ಹದಿಮೂರಾಯಿತು. ವೇದಿಕೆ ವಾರಕ್ಕೊಮ್ಮೆ, ಬುಧವಾರಗಳಂದು ಲೆಕ್ಕ ಚುಕ್ತಾ ಮಾಡುವುದಾದರೆ ಮುಂದಿನ ಬುಧವಾರ ಹದಿನೇಳು. ಒಂದೊಂದು ಕಂಪನಿಯ ಗಡುವು ಒಂದೊಂದು ಬಗೆ, ಸರಕಿಗೆ ತಕ್ಕಂತೆಯೂ ವ್ಯತ್ಯಾಸವಾಗುತ್ತದೆ. ಆದರೆ ಸರಪಳಿ ಇದೇ. ಆರ್ಡರ್ ಬಂದ ದಿನಕ್ಕೂ ದುಡ್ಡು ಬರುವ ದಿನಕ್ಕೂ ನೇರ ಸಂಬಂಧವೇ ಇಲ್ಲ, ಸಂಬಂಧ ಇರುವುದು ಡೆಲಿವರಿಯಾದ ದಿನಕ್ಕೆ.

“ಎಣ್ಣೆಯನ್ನು ಹಿಂತಿರುಗಿಸುವುದೆಂದರೇನಪ್ಪಾ? ತಲೆಗೆ ಹಚ್ಚಿಕೊಂಡದ್ದನ್ನು ಹಿಂಡಿ ಕೊಡುತ್ತಾನೆಯೇ?” ಎಂದು ಶೆಟ್ಟರು ಕೇಳಿದರು. ಯಾರೂ ನಗುವ ಹಾಗಿರಲಿಲ್ಲ, ಏಕೆಂದರೆ ಕಳೆದ ತಿಂಗಳು ‘ವಾಸನೆ ಹಿಡಿಸಲಿಲ್ಲ’ ಎಂಬ ಕಾರಣದೊಂದಿಗೆ ಮುಕ್ಕಾಲು ಖಾಲಿಯಾದ ಬಾಟಲಿಯೊಂದು ಅವರಿಗೆ ನಿಜಕ್ಕೂ ವಾಪಸು ಬಂದಿತ್ತು. ಖಾಲಿಯಾದ ಮುಕ್ಕಾಲು ಬಾಟಲಿಯ ವಾಸನೆ ಹೇಗೆ ಹಿಡಿಸಿತೆಂಬುದು ಇಂದಿಗೂ ನಿಗೂಢ.

ಅಕ್ಕನ ವ್ಯವಹಾರ ಬೇರೆ ದಾರಿಯದು. ಅವರು ಯಾವ ವೇದಿಕೆಯ ಹಂಗಿಗೂ ಬೀಳದೆ ಸ್ವಂತ ವೆಬ್‌ಸೈಟಿಗೆ, ಗಿರಾಕಿ ಅಲ್ಲಿಯೇ ದುಡ್ಡು ಕಟ್ಟಲು ಬೇಕಾದ ಪೇಮೆಂಟ್ ಗೇಟ್‌ವೇ ಹಾಕಿಸಿಕೊಂಡಿದ್ದಾರೆ. ಗಿರಾಕಿ ದುಡ್ಡು ಕಟ್ಟಿದ ಮೇಲೆ ಸಾಮಾನ್ಯವಾಗಿ ಎರಡು ಕೆಲಸದ ದಿನಗಳಲ್ಲಿ ಅದು ಅವರ ಖಾತೆಗೆ ಬೀಳುತ್ತದೆ. ತುರ್ತಿದ್ದರೆ ಸ್ವಲ್ಪ ಹೆಚ್ಚಿನ ಶುಲ್ಕ ತೆತ್ತು ತಕ್ಷಣವೇ ತರಿಸಿಕೊಳ್ಳುವ ಸೌಲಭ್ಯವೂ ಉಂಟು. “ನನ್ನದು ಎರಡು ದಿನ, ನಿಮ್ಮದು ಹದಿನಾರು ದಿನ. ಆದರೆ ಶೆಟ್ಟರೇ, ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಕೆಲಸವೂ ನನ್ನದೇ ಎಂಬುದನ್ನು ಮರೆಯಬೇಡಿ” ಎಂದು ಅಕ್ಕ ಹೇಳಿದರು. ಮೇಷ್ಟ್ರ ಮಗಳು ಕ್ರೋಷಾ ಗೊಂಬೆಗಳನ್ನು ವಿದೇಶಕ್ಕೆ ಮಾರುತ್ತಾಳೆ. ಪೇಪಾಲ್ ಮೂಲಕ ಬಂದ ದುಡ್ಡನ್ನು ಅಲ್ಲಿಯೇ ಕೂಡಿಟ್ಟುಕೊಳ್ಳುವ ಅವಕಾಶ ಭಾರತದವರಿಗೆ ಇಲ್ಲದಿರುವುದರಿಂದ ಅದು ತಾನಾಗಿಯೇ ಬ್ಯಾಂಕಿನ ಖಾತೆಗೆ ಹೊರಟುಬಿಡುತ್ತದೆ. ಮೇಷ್ಟ್ರು ಇದನ್ನು ಹೇಳುವಾಗ ವಿದೇಶ ಎಂಬ ಪದವನ್ನು ಎರಡು ಸಲ ಒತ್ತಿ ಹೇಳಿದರೆಂಬುದನ್ನು ಬಿಟ್ಟರೆ ಆ ವಿಷಯ ಅಲ್ಲಿಗೇ ಮುಗಿಯಿತು.

ಶೆಟ್ಟರ ಮನಸ್ಸು ಮಾತ್ರ ನಡುವಿನ ದಿನಗಳ ಮೇಲೆಯೇ ಕುಳಿತಿತ್ತು. “ಎರಡೇ ದಿನವಾಗಲಿ, ಆ ಎರಡು ದಿನದ ಬಡ್ಡಿ ಯಾರಿಗೆ?” ರಾಯರಿಗೆ ಈಗ ಜೀವ ಬಂತು. ಗಿರಾಕಿಯ ದುಡ್ಡನ್ನು ಮಧ್ಯವರ್ತಿ ತನ್ನ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಅದನ್ನು ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿಯೇ ಇರಿಸಬೇಕು, ಅದಕ್ಕೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ ಎಂದು ಅವರು ಸಮಾಧಾನ ಹೇಳಿದರು. ಶೆಟ್ಟರು ಒಪ್ಪುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ ಹುಡುಗ, ಬಾಯಿ ಮುಚ್ಚಿಕೊಂಡಿರಬೇಕಾದ ಗಳಿಗೆಯಲ್ಲಿ, ಬಾಯಿ ತೆರೆದ. ಗಿರಾಕಿಗಳ ದುಡ್ಡು ಪಡೆದು ವ್ಯಾಪಾರಿಗಳಿಗೆ ತಲುಪಿಸುವ ಮಧ್ಯವರ್ತಿಗಳಾದ ಪೇಮೆಂಟ್ ಅಗ್ರಿಗೇಟರುಗಳಿಗಾಗಿ ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬಡ್ಡಿ ಇಲ್ಲವೆಂಬುದು ನಿಜ, ಆದರೆ ಅದಕ್ಕೊಂದು ವಿನಾಯಿತಿಯೂ ಇತ್ತು. ಒಂದು ಹದಿನೈದು ದಿನದ ಅವಧಿಯಲ್ಲಿ ಖಾತೆಯ ಶಿಲ್ಕು ಎಷ್ಟು ಕೆಳಗಿಳಿದರೂ ಅದರ ಕೆಳಗೆ ಇಳಿಯದ ಒಂದು ಮೊತ್ತ ಇರುತ್ತದಲ್ಲ, ಅಂಥ 26 ಅವಧಿಗಳ ಸರಾಸರಿಯನ್ನು ಬೇರೆ ಖಾತೆಗೆ ಹಾಕಿ ಅದಕ್ಕೆ ಬಡ್ಡಿ ಪಡೆಯಲು ಅಗ್ರಿಗೇಟರ್ ಬ್ಯಾಂಕಿನೊಡನೆ ಒಪ್ಪಂದ ಮಾಡಿಕೊಳ್ಳಬಹುದಿತ್ತು. ಶೆಟ್ಟರು ಎದ್ದು ನಿಂತರು. “ನೋಡಿದಿರಾ! ನಾನು ಹೇಳಲಿಲ್ಲವೇ? ಪ್ರತಿಯೊಬ್ಬ ವ್ಯಾಪಾರಿಯ ದುಡ್ಡೂ ಎರಡು ದಿನವಿದ್ದು ಹೋಗುತ್ತದೆ, ಆದರೆ ಹೋದವನ ಜಾಗಕ್ಕೆ ಇನ್ನೊಬ್ಬನದು ಬಂದು ಕೂರುತ್ತದೆ, ಹಾಗಾಗಿ ತಳದ ದುಡ್ಡು ಎಂದೂ ಅಲುಗುವುದೇ ಇಲ್ಲ!” ರಾಯರು ಕನ್ನಡಕ ಒರೆಸತೊಡಗಿದರು. ಮೂರು ದಶಕ ಬ್ಯಾಂಕಿನಲ್ಲಿ ದುಡಿದವರಿಗೆ ಬ್ಯಾಂಕಿಂಗಿನ ಮೂಲತತ್ತ್ವವನ್ನು ಗಾಣದವರೊಬ್ಬರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟದ್ದು ಅವರಿಗೆ ಅಷ್ಟಾಗಿ ಸರಿಬರಲಿಲ್ಲವೆಂದು ನನ್ನ ಊಹೆ.

ಬರುವ ದಿನ ಗೊತ್ತಾಯಿತು, ಬರುವ ಮೊತ್ತದ ಮಾತು ಇನ್ನೂ ಬಾಕಿಯಿತ್ತು. ಶೆಟ್ಟರು ಒಂದು ಲೀಟರ್ ಎಣ್ಣೆಯನ್ನು 525 ರೂಪಾಯಿಗೆ ಮಾರಿದ್ದರು, ಖಾತೆಗೆ ಬಂದದ್ದು 368 ರೂಪಾಯಿ 60 ಪೈಸೆ. ಹುಡುಗ ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬಿಡಿಸಿದ. ಆ 525ರಲ್ಲಿ ಎಣ್ಣೆಯ ಬೆಲೆ 500, ಶೇಕಡಾ 5ರ ಜಿಎಸ್‌ಟಿ 25. ವೇದಿಕೆಯವರ ಕಮಿಷನ್ನು, ಇತರ ಶುಲ್ಕ, ಕೊರಿಯರ್ ಸೇರಿ 130 ರೂಪಾಯಿ. ಆ ಸೇವೆಯ ಮೇಲೆ ಶೇಕಡಾ 18ರ ಜಿಎಸ್‌ಟಿ 23 ರೂಪಾಯಿ 40 ಪೈಸೆ. ಆಮೇಲೆ ಟಿಸಿಎಸ್, ಅಂದರೆ ವೇದಿಕೆಯವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ ಎಂದು ಎರಡೂವರೆ ರೂಪಾಯಿ. 2018ರ ಅಕ್ಟೋಬರ್‌ನಲ್ಲಿ ಶುರುವಾದಾಗ ಇದು ಶೇಕಡಾ 1 ಇತ್ತು, 2024ರ ಜುಲೈ 10ರಿಂದ ಅರ್ಧಕ್ಕೆ ಇಳಿದಿದೆ. ಕೊನೆಗೆ ಆದಾಯ ತೆರಿಗೆಗೆಂದು ಮೊದಲೇ ಮುರಿದುಕೊಳ್ಳುವ ಟಿಡಿಎಸ್ 50 ಪೈಸೆ. ಇದೂ ಮೊದಲು ಶೇಕಡಾ 1 ಇದ್ದದ್ದು 2024ರ ಅಕ್ಟೋಬರ್‌ನಿಂದ ಶೇಕಡಾ 0.1 ಆಗಿದೆ. ವರ್ಷದ ಮಾರಾಟ 5 ಲಕ್ಷ ದಾಟದ ವ್ಯಕ್ತಿ ಪ್ಯಾನ್ ಕೊಟ್ಟಿದ್ದರೆ ಈ ಐವತ್ತು ಪೈಸೆಯೂ ಹೋಗುತ್ತಿರಲಿಲ್ಲ.

“ಐವತ್ತು ಪೈಸೆಯ ನಾಣ್ಯವನ್ನು ನನ್ನ ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ, ದೆಹಲಿಯವರು ಹೇಗೆ ತೆಗೆದುಕೊಂಡರು?” ಎಂದು ಶೆಟ್ಟರು ಅಚ್ಚರಿಪಟ್ಟರು. 130 ಮಾತ್ರ ನಿಜವಾದ ಖರ್ಚು, ಮಿಕ್ಕ 26 ರೂಪಾಯಿ 40 ಪೈಸೆ ತೆರಿಗೆಯ ಲೆಕ್ಕದಲ್ಲಿ ಶೆಟ್ಟರ ಹೆಸರಿಗೇ ಜಮೆಯಾಗಿ ಕುಳಿತಿರುತ್ತದೆ, ಕೇಳಿ ಪಡೆಯಬೇಕಷ್ಟೇ ಎಂದು ಹುಡುಗ ತಿಳಿಸಿದ. ಕೇಳಿ ಪಡೆಯುವುದು ಎಂಬ ಮಾತಿಗೆ ಶೆಟ್ಟರ ಮುಖ ಸಪ್ಪಗಾಯಿತು.

ಕ್ಯಾಶ್ ಆನ್ ಡೆಲಿವರಿಯ ಅಧ್ಯಾಯವನ್ನು ಅಕ್ಕ ತೆರೆದರು. ಅಲ್ಲಿ ದುಡ್ಡು ಮೊದಲು ಕೊರಿಯರ್ ಹುಡುಗನ ಕೈಗೆ, ಅವನಿಂದ ಕೊರಿಯರ್ ಕಂಪನಿಗೆ, ಅವರು ತಮ್ಮ ಪಾಲು ಮುರಿದುಕೊಂಡು ತಮಗೊಪ್ಪಿದ ವಾರದ ದಿನ ಅಕ್ಕನಿಗೆ. ಗಿರಾಕಿ ಬಾಗಿಲಲ್ಲೇ ಬೇಡವೆಂದರೆ ದುಡ್ಡೂ ಇಲ್ಲ, ಹೋಗುವ ಬಾಡಿಗೆಯ ಜೊತೆಗೆ ಬರುವ ಬಾಡಿಗೆಯೂ ತಲೆಯ ಮೇಲೆ. ತುಮಕೂರಿನದೇ ಸಿರಾ ಗೇಟಿನ ಒಬ್ಬ ಗಿರಾಕಿ ಅಕ್ಕನಿಂದ ಶೇಂಗಾ ಚಟ್ನಿಪುಡಿ ತರಿಸಿದ. ಆ ಪೊಟ್ಟಣ ತುಮಕೂರಿನಿಂದ ಬೆಂಗಳೂರಿನ ಗೋದಾಮಿಗೆ ಹೋಗಿ, ಎರಡು ರಾತ್ರಿ ಅಲ್ಲಿ ತಂಗಿ, ಮತ್ತೆ ತುಮಕೂರಿಗೇ ಬಂತು. ಕಳುಹಿಸಿದವರ ವಿಳಾಸ ಓದಿದ ಆ ಮಹಾನುಭಾವ, “ಇಷ್ಟು ಹತ್ತಿರವಿದ್ದರೆ ನಾನೇ ಹೋಗಿ ತಂದುಕೊಳ್ಳುತ್ತೇನೆ” ಎಂದು ಪೊಟ್ಟಣವನ್ನು ತಿರಸ್ಕರಿಸಿ, ಅದೇ ಸಂಜೆ ಸ್ಕೂಟರಿನಲ್ಲಿ ಬಂದು, ಅಂಚೆ ಖರ್ಚು ಉಳಿಯಿತಲ್ಲ ಎಂದು ಹತ್ತು ರೂಪಾಯಿ ಚೌಕಾಸಿಯನ್ನೂ ಮಾಡಿ ಇನ್ನೊಂದು ಪೊಟ್ಟಣ ಒಯ್ದ. ಮೊದಲಿನ ಪೊಟ್ಟಣ ಆಗ ಎರಡನೆಯ ಬಾರಿ ಬೆಂಗಳೂರಿನ ದಾರಿಯಲ್ಲಿತ್ತು.

ಆದರೂ ದುಡ್ಡು ತಡವಾಗುವುದು ಬೇರೆ, ಬಾರದೇ ಇರುವುದು ಬೇರೆ. ಶೆಟ್ಟರ ಮೊದಲ ಸೆಟಲ್‌ಮೆಂಟ್ ಬಾರದೇ ನಿಂತದ್ದು ಅವರ ಹೆಸರಿನಿಂದಾಗಿ. ಪಾಸ್‌ಬುಕ್ಕಿನಲ್ಲಿ ಅವರು ಎರಡು ಇನಿಷಿಯಲ್ಲಿನ ಶೆಟ್ಟರು. ಪ್ಯಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ಲು ಹಿಗ್ಗಿ ಊರೂ ತಂದೆಯ ಹೆಸರೂ ಪೂರ್ತಿಯಾಗಿ ಮುಂದೆ ನಿಂತಿವೆ. ಜಿಎಸ್‌ಟಿ ನೋಂದಣಿಯಲ್ಲಿ ಅಂಗಡಿಯ ಹೆಸರು. ಖಾತೆ ನಿಜವೇ ಎಂದು ಪರೀಕ್ಷಿಸಲು ಕಂಪನಿಯವರು ಒಂದು ರೂಪಾಯಿ ಹಾಕಿ, ಬ್ಯಾಂಕು ಹೇಳಿದ ಹೆಸರನ್ನು ತಮ್ಮಲ್ಲಿರುವ ಹೆಸರಿನೊಡನೆ ತಾಳೆ ನೋಡಿದಾಗ ಮೂವರು ಬೇರೆ ಬೇರೆ ಶೆಟ್ಟರು ಕಂಡರು. ಆ ಒಂದು ರೂಪಾಯಿ ಮಾತ್ರ ತಕ್ಷಣ ಬಂದಿತ್ತು. ಹೇಳಿದ ಹೊತ್ತಿಗೆ ಬಂದ ಏಕೈಕ ಆನ್‌ಲೈನ್ ಹಣವೆಂದು ಶೆಟ್ಟರು ಅದನ್ನು ಈಗಲೂ ಕೊಂಡಾಡುತ್ತಾರೆ.

ಅಕ್ಕನ ತೊಡಕು ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತದ್ದು. ಅವರ ಖಾತೆ ಸಿಂಡಿಕೇಟ್ ಬ್ಯಾಂಕಿನಲ್ಲಿತ್ತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹಳೆಯ ಸಂಕೇತಗಳು 2021ರ ಜೂನ್ 30ರವರೆಗೆ ಮಾತ್ರ ನಡೆದವು. ಅಕ್ಕ ಹಳೆಯ ಚೆಕ್ ಪುಸ್ತಕ ನೋಡಿ ಹಳೆಯದನ್ನೇ ತುಂಬಿದ್ದರು. ಸರಿಪಡಿಸುವಾಗ, ಹನ್ನೊಂದು ಅಕ್ಷರಗಳ ಆ ಸಂಕೇತದ ಐದನೆಯ ಸ್ಥಾನದಲ್ಲಿರುವ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಒತ್ತಿ ಇನ್ನೊಂದು ವಾರ ಕಾದರು. “ಐದನೆಯದು ಯಾವಾಗಲೂ ಸೊನ್ನೆ” ಎಂದು ರಾಯರು ಘನತೆಯಿಂದ ನುಡಿದರು. ಆ ಸಂಜೆ ಅವರು ಹೇಳಿದ ಮಾತುಗಳಲ್ಲಿ ಹುಡುಗ ತಿದ್ದದೆ ಬಿಟ್ಟದ್ದು ಅದೊಂದೇ.

ಇಷ್ಟು ಹೊತ್ತೂ ಬಿಲ್ಲಿನ ಹಿಂಬದಿಯಲ್ಲಿ ಏನನ್ನೋ ಗುಣಿಸುತ್ತಿದ್ದ ಮೇಷ್ಟ್ರು ತಲೆಯೆತ್ತಿದರು. ಶೆಟ್ಟರು ದಿನಕ್ಕೆ ಹತ್ತು ಬಾಟಲಿ ಮಾರಿದರೆ, ಒಂದಕ್ಕೆ 368 ರೂಪಾಯಿ 60 ಪೈಸೆಯಂತೆ ಹದಿನಾರು ದಿನಕ್ಕೆ 58,976 ರೂಪಾಯಿ. “ಶೆಟ್ಟರೇ, ನಿಮ್ಮ ದುಡ್ಡು ತಡವಾಗುತ್ತಿದೆ ಎನ್ನುವುದೇ ತಪ್ಪು. ಮೊದಲ ಹದಿನಾರು ದಿನ ತಡವಾದದ್ದು ನಿಜ, ಆಮೇಲೆ ದಿನಕ್ಕೆ ಹತ್ತು ಬಾಟಲಿಯ ಲೆಕ್ಕದಲ್ಲಿ ದುಡ್ಡು ಬರುತ್ತಲೇ ಇದೆ. ಆದರೆ ಈ 59 ಸಾವಿರ ಮಾತ್ರ ನೀವು ವ್ಯಾಪಾರ ನಿಲ್ಲಿಸುವವರೆಗೆ ಕೈಗೆ ಬರುವುದಿಲ್ಲ. ವ್ಯಾಪಾರ ದುಪ್ಪಟ್ಟಾದರೆ ಅದೂ ದುಪ್ಪಟ್ಟಾಗುತ್ತದೆ” ಎಂದರು. ಶೆಟ್ಟರು ದಂಗಾದರು. ತಿಪಟೂರಿನ ಕಡೆಯಿಂದ ಕೊಬ್ಬರಿ ತರುವ ರೈತನಿಗೆ ಅವರು ಎಣಿಸಿ ಕೊಡುವುದು ನಗದು. ಆನ್‌ಲೈನಿನಲ್ಲಿ ಮಾರಾಟ ಏರಿದಂತೆಲ್ಲ ಗಲ್ಲಾಪೆಟ್ಟಿಗೆ ಏಕೆ ಬರಿದಾಗುತ್ತಿದೆ ಎಂಬುದು, ಸೋದರಳಿಯ ತೋರಿಸಿದ ಏರುಗತಿಯ ಹಸಿರು ಗೆರೆಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಸಣ್ಣ ಉದ್ದಿಮೆದಾರರಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನು ಇದೆಯಲ್ಲ ಎಂದು ರಾಯರು ಮತ್ತೊಮ್ಮೆ ಅದೃಷ್ಟ ಪರೀಕ್ಷಿಸಿದರು. ಆ ಕಾನೂನು ಮಾಲನ್ನು ಕೊಂಡವನಿಗೆ ಅನ್ವಯಿಸುತ್ತದೆ, ಇಲ್ಲಿ ಕೊಂಡವನು ಕಾನ್ಪುರದ ಗಿರಾಕಿ, ಅವನು ಮೊದಲ ದಿನವೇ ಕೊಟ್ಟಿದ್ದಾನೆ ಎಂದು ಹುಡುಗ ಹೇಳಿದ. “ಅಲ್ಲದೆ ಸಾರ್, ಹದಿನಾರಕ್ಕೆ ಅಳುತ್ತಿರುವವರಿಗೆ ನಲವತ್ತೈದನ್ನು ನಾವೇಕೆ ನೆನಪಿಸಬೇಕು?”

ಕೊನೆಗೆ ಆದ ತೀರ್ಮಾನವಿಷ್ಟು: ಆರ್ಡರ್ ಬಂದ ದಿನವೇ ಪಾರ್ಸೆಲ್ ಕಟ್ಟುವುದು, ಏಕೆಂದರೆ ಆ ಹದಿನಾರರಲ್ಲಿ ಶೆಟ್ಟರ ಕೈಯಲ್ಲಿರುವುದು ಅದೊಂದೇ ದಿನ, ಹಳೆಯ ಗಿರಾಕಿಗಳಿಗೆ ಅಕ್ಕನ ಹಾಗೆ ನೇರವಾಗಿ ಮಾರುವುದು, ಜಮೆಯಾಗಿ ಕುಳಿತಿರುವ ಟಿಸಿಎಸ್ ಹಣವನ್ನು ಈಗಲೇ ಪಡೆಯುವುದು. ಮೂರನೆಯದು ಸುಲಭವೆಂದು ಹುಡುಗ ಅಲ್ಲಿಯೇ ಜಿಎಸ್‌ಟಿ ಪೋರ್ಟಲ್ ತೆರೆದ. ವೇದಿಕೆಯವರು ಕಟ್ಟಿದ ಮೊತ್ತವನ್ನು ಒಪ್ಪಿಕೊಂಡು ಸಲ್ಲಿಸಿದರೆ ಅದು ಪೋರ್ಟಲ್‌ನಲ್ಲಿರುವ ಶೆಟ್ಟರ ನಗದು ಖಾತೆಯಾದ ಕ್ಯಾಶ್ ಲೆಡ್ಜರಿಗೆ ಬರುತ್ತದೆ. ಎಲ್ಲ ಆಯಿತು, ಒಟಿಪಿ ಹೋಗಿದೆ ಎಂದು ಪರದೆಯ ಮೇಲೆ ಮೂಡಿತು. ಎಲ್ಲರೂ ನಮ್ಮ ನಮ್ಮ ಫೋನು ನೋಡಿಕೊಂಡೆವು. ನೋಂದಣಿಯಲ್ಲಿರುವುದು ಸೋದರಳಿಯನ ನಂಬರು ಎಂದು ಶೆಟ್ಟರಿಗೆ ಆಗ ನೆನಪಾಯಿತು. ಅವನಿಗೆ ಫೋನು ಮಾಡಿದರೆ, ಬೆಂಗಳೂರಿನಲ್ಲಿ ಆನ್‌ಲೈನ್ ವ್ಯಾಪಾರ ವೃದ್ಧಿಸಿಕೊಳ್ಳುವ ಬಗೆಯ ತರಬೇತಿಯಲ್ಲಿ ಕುಳಿತಿದ್ದ ಆತ, ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ಸಂದೇಶ ಕಳಿಸಿದ.

“ಆಮೇಲೆ ಎಂದರೆ ಎಷ್ಟು ದಿನ?” ಎಂದು ಶೆಟ್ಟರು ಹುಡುಗನನ್ನು ಕೇಳಿದರು.