ಕಾದಂಬರಿಯ ಮೊದಲ ಅಧ್ಯಾಯ: ಅಜ್ಜನ ಸಾವು, ಮಠ, ಬಾವುಟ ಎಲ್ಲಾ ಒಟ್ಟಿಗೆ ಬಂದರೆ ಭಾರ ಆಗುತ್ತಾ?

ಹೊಂಗಲದ ಓದುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ, ಮೊದಲ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಕತೆ ಬೈಲಹೊಂಗಲ ಕಡೆಯ ಒಂದು ಹಳ್ಳಿಯದು (ಹಳ್ಳಿ ನನ್ನ ಕಲ್ಪನೆ). 2022ರ ಆಗಸ್ಟ್ 14ರ ರಾತ್ರಿ 96 ವರ್ಷದ ಅಜ್ಜ ತೀರಿಕೊಳ್ಳುತ್ತಾನೆ. 1942ರಲ್ಲಿ ಹುಡುಗನಾಗಿದ್ದಾಗ ಚಾವಡಿಯ ದಫ್ತರ ಸುಟ್ಟು ಬೆಳಗಾವಿಯ ಹಿಂಡಲಗಾ ಜೈಲಿಗೆ ಹೋಗಿ ಬಂದವನು. ಆಮೇಲೆ ಜೀವನಪೂರ್ತಿ ಖಾದಿ ಬಟ್ಟೆ, ದಿನಾ ಎರಡು ಹೊತ್ತು ಲಿಂಗಪೂಜೆ. ಮನೆಯವರು ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಲಿಂಗಾಯತರ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ರಾತ್ರಿಯೆಲ್ಲಾ ಭಜನೆ. ಬೆಳಿಗ್ಗೆ ಮಠದ ಸ್ವಾಮಿಗಳು ಬರುತ್ತಾರೆ. ತಹಶೀಲ್ದಾರರು ಪೊಲೀಸರ ಜೊತೆ ಬಾವುಟ ತರುತ್ತಾರೆ.

ಇಲ್ಲಿ ಮೊಮ್ಮಗ ಎರಡು ಪುಟ ಯೋಚನೆ ಮಾಡುತ್ತಾನೆ. ಅಜ್ಜ ಲಿಂಗದಲ್ಲಿ ಬೆರೆತನೋ, ಮಣ್ಣಿಗೆ ಹೋದನೋ, ಈ ದೇಶಕ್ಕೆ ಅವನು ಯಾರು, ನನಗೆ ಈ ದೇಶ ಏನು, ಹೀಗೆ. ಗೆಳೆಯನೊಬ್ಬ ಓದಿ "ಚೆನ್ನಾಗಿದೆ, ಆದರೆ ಆಗಸ್ಟ್ 15ರ ಭಾಷಣದ ಹಾಗಿದೆ" ಅಂದ. ಆ ಎರಡು ಪುಟ ತೆಗೆದರೆ ಉಳಿಯುವುದು ಬರೀ ಅಂತ್ಯಕ್ರಿಯೆಯ ವರದಿ. ಏನು ಮಾಡಲಿ?

ಬಾದಾಮಿ ಬಸ್ಸು:

ಎರಡೂ ಪುಟ ತೆಗೆಯಿರಿ, ಮುಲಾಜು ಬೇಡ. ನಿಮ್ಮ ಗೆಳೆಯ ಹೇಳಿದ್ದು ಸರಿ.

ಆದರೆ ಬರೀ ವರದಿ ಉಳಿಯುತ್ತದೆ ಅಂದಿರಲ್ಲ, ಅದನ್ನು ಒಪ್ಪಲ್ಲ. ಆ ಅಂತ್ಯಕ್ರಿಯೆಯೊಳಗೇ ಒಂದು ಜಗಳ ಇದೆ, ನೀವು ಅದರ ಪಕ್ಕದಲ್ಲೇ ನಡೆದುಕೊಂಡು ಹೋಗಿದ್ದೀರಿ. ನಮ್ಮ ಧ್ವಜ ಸಂಹಿತೆ ಏನು ಹೇಳುತ್ತದೆ ನೋಡಿ. ಸರ್ಕಾರಿ ಗೌರವದ ಅಂತ್ಯಕ್ರಿಯೆಯಲ್ಲಿ ಬಾವುಟವನ್ನು ಚಟ್ಟದ ಮೇಲೋ ಶವಪೆಟ್ಟಿಗೆಯ ಮೇಲೋ ಹೊದಿಸಬೇಕು, ಕೇಸರಿ ತಲೆಯ ಕಡೆಗೆ ಇರಬೇಕು. ಕುಣಿಗೆ ಇಳಿಸುವ ಹಾಗಿಲ್ಲ, ಚಿತೆಯಲ್ಲಿ ಸುಡುವ ಹಾಗೂ ಇಲ್ಲ. ಈ ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ಮಲಗಿದ ದೇಹ. ನಿಮ್ಮ ಅಜ್ಜ ಕೂತಿದ್ದಾನೆ! ಹಣೆಗೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಅಂಗೈಯಲ್ಲಿ ಇಷ್ಟಲಿಂಗ. ಈಗ ಬಾವುಟ ಎಲ್ಲಿ ಹೊದಿಸುತ್ತೀರಿ? ಹೆಗಲಿಗೆ ಹೊದಿಸಿದರೆ ಸನ್ಮಾನದ ಶಾಲು ಹೊದಿಸಿದಂತೆ ಕಾಣುತ್ತದೆ. ಎದೆಯ ಮೇಲೆ ಇಳಿಬಿಟ್ಟರೆ ಇಷ್ಟಲಿಂಗ ಮುಚ್ಚಿಹೋಗುತ್ತದೆ. ಆಗ ಜಂಗಮರು "ಲಿಂಗ ಕಾಣಬೇಕು" ಅನ್ನುತ್ತಾರೆ, ಹವಾಲ್ದಾರ "ಕೇಸರಿ ಮೇಲಿರಬೇಕು ಸಾಹೇಬ್ರೆ" ಅನ್ನುತ್ತಾನೆ, ಇಬ್ಬರೂ ಸರಿ, ಮಧ್ಯೆ ನಿಂತ ಮೊಮ್ಮಗನ ಕೈಯಲ್ಲಿ ಬಟ್ಟೆಯ ಒಂದು ತುದಿ. ನೀವು ಎರಡು ಪುಟದಲ್ಲಿ ಹೇಳಲು ಒದ್ದಾಡಿದ್ದು ಇದೇ ಅಲ್ವಾ? ಮೊಮ್ಮಗ ಏನೂ ಯೋಚಿಸಬೇಕಾಗಿಲ್ಲ, ಆ ತುದಿಯನ್ನು ಎಲ್ಲಿ ಬಿಡಬೇಕು ಅಂತ ಅವನಿಗೆ ತಿಳಿಯದಿದ್ದರೆ ಸಾಕು.

ಇನ್ನೊಂದು. ಕುಣಿಗೆ ಇಳಿಸುವ ಮುಂಚೆ ಯಾರೋ ಒಬ್ಬರು ಬಾವುಟ ತೆಗೆಯಲೇಬೇಕು. ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ದೇಶ ಕುಣಿಯ ಅಂಚಿನವರೆಗೆ ಬಂದು ಅಲ್ಲಿಂದ ವಾಪಸ್ ಹೋಗುತ್ತದೆ, ಒಳಗೆ, ದೇಹ ಕೂರಿಸಲು ಕುಣಿಯಲ್ಲಿ ತೋಡಿದ ಗೂಡಿನಲ್ಲಿ, ಅಜ್ಜನ ಜೊತೆ ಇರುವುದು ವಿಭೂತಿ, ಬಿಲ್ವಪತ್ರೆ, ಲಿಂಗ ಮಾತ್ರ. ಆದರೆ ಇದನ್ನು ದಯವಿಟ್ಟು ಹೀಗೆ ವಿವರಿಸಿ ಬರೆಯಬೇಡಿ, ನಾನು ಇಲ್ಲಿ ಬರೆದಿದ್ದೇ ಜಾಸ್ತಿ ಆಯಿತು. ಸುಮ್ನೆ ತೆಗೆಯುವುದನ್ನು ತೋರಿಸಿ.

ಟಿಳಕವಾಡಿ ಟೀ:

ಮೇಲಿನವರು ಹೇಳಿದ್ದು ಒಪ್ಪಿದೆ. ನನ್ನ ತಕರಾರು ತಾರೀಖಿನದು. ಸ್ವಾತಂತ್ರ್ಯ ಹೋರಾಟಗಾರ ಆಗಸ್ಟ್ 14ರ ರಾತ್ರಿಯೇ ಸಾಯಬೇಕಾ? ಇದು ಕಾದಂಬರಿಕಾರನ ಅನುಕೂಲಕ್ಕೆ ಬಂದ ಸಾವು. ಓದುಗ ಮೊದಲ ಪುಟದಲ್ಲೇ ನಿಮ್ಮ ಕೈ ಕಂಡುಬಿಡುತ್ತಾನೆ. ಮಾರ್ಚ್‌ನ ಒಂದು ಮಂಗಳವಾರ ಸಾಯಲಿ, ಏನು ಕಳೆದುಹೋಗುತ್ತದೆ?

ಆಮೇಲೆ "ದೇಶ" ಅಂತ ಒಂದೇ ಮುದ್ದೆ ಮಾಡಿದ್ದೀರಿ. ಬೆಳಗಾವಿಯವರು ಹಾಗೆ ಬರೆಯಬಾರದು. ಅಜ್ಜ ಜೈಲಿಗೆ ಹೋದಾಗ ನಮ್ಮ ಊರು ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಹಿಂಡಲಗಾದಲ್ಲಿ ಪಕ್ಕದ ಚಾಪೆಯವನು ಮರಾಠಿ ಮಾತಾಡುವವನೇ ಆಗಿರಬಹುದು, ಇಬ್ಬರೂ ಒಂದೇ ಘೋಷಣೆ ಕೂಗಿದವರು. 1956ರ ನವೆಂಬರ್ 1ಕ್ಕೆ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಬೆಳಗಾವಿ ಮಹಾರಾಷ್ಟ್ರಕ್ಕೋ ನಮಗೋ ಅನ್ನುವ ಗಡಿ ತಕರಾರಿಗೆ ನೇಮಿಸಿದ ಮಹಾಜನ ಆಯೋಗದ ಗಲಾಟೆ ಶುರುವಾದ ಮೇಲೆ, ಆ ಗೆಳೆತನ ಏನಾಯಿತು? 1924ರ ಕಾಂಗ್ರೆಸ್ ಅಧಿವೇಶನ ನಮ್ಮ ಊರಲ್ಲೇ ನಡೆದದ್ದು, ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಇಡೀ ದೇಶದ ಸಭೆ, ಆದರೆ ಅಲ್ಲಿ ಹಾಡಿದ್ದು ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಿನ ಹಾಡು. ಆ ಕಾಲದವರಿಗೆ ಎರಡೂ ಒಂದೇ ಉಸಿರಲ್ಲಿ ಬರುತ್ತಿತ್ತು. ಮೊಮ್ಮಗನಿಗೆ ಹಾಗೆ ಬರುವುದಿಲ್ಲ, ಅವನು ಹುಟ್ಟಿ ಬೆಳೆದದ್ದೇ ಭಾಷೆಯ ಜಗಳದಲ್ಲಿ ಬೋರ್ಡಿಗೆ ಮಸಿ ಬಳಿಯುವ ಸೀಮೆಯಲ್ಲಿ.

ಹಾಗಾಗಿ ಸಾವಿನ ಮನೆಗೆ ಒಬ್ಬ ಮುದುಕ ಬರಲಿ, ಜೈಲಿನ ಗೆಳೆಯ. ಮರಾಠಿಯಲ್ಲಿ ಎರಡು ಮಾತು ಆಡಲಿ. ಮನೆಯ ಹುಡುಗರು ಅವನಿಗೆ ಕೂರಲು ಜಾಗ ಕೊಡುತ್ತಾರಾ ಇಲ್ವಾ ಅನ್ನುವುದನ್ನು ನೀವೇ ನೋಡಿ.

ಗುಮ್ಮಟದ ನೆರಳು:

ತಾರೀಖಿನ ವಿಷಯದಲ್ಲಿ ಟಿಳಕವಾಡಿಯವರ ಮಾತು ನಾನು ಒಪ್ಪಲ್ಲ. 15ಕ್ಕೆ ಬೆಳಿಗ್ಗೆ ತಹಶೀಲ್ದಾರರು ತಾಲೂಕು ಮೈದಾನದಲ್ಲಿ ಬಾವುಟ ಹಾರಿಸಬೇಕು, ಪೊಲೀಸರು ಪರೇಡಿನಲ್ಲಿರಬೇಕು. ವೇದಿಕೆಯಲ್ಲಿ ಅಜ್ಜನಿಗೇ ಒಂದು ಕುರ್ಚಿ, ಶಾಲು, ಹಣ್ಣಿನ ಬುಟ್ಟಿ ಕಾದಿರುತ್ತವೆ. ಅವರೆಲ್ಲಾ ಅದನ್ನು ಮುಗಿಸಿಕೊಂಡು ಬರುವವರೆಗೆ ದೇಹ ಕಾಯಬೇಕು. ಭಜನೆಯವರ ಗಂಟಲು ಬಿದ್ದಿದೆ, ಸ್ವಾಮಿಗಳಿಗೆ ಬೇರೆ ಊರಿಗೆ ಹೋಗಬೇಕಾಗಿದೆ, ಹೆಂಗಸರು "ಇನ್ನೂ ಎಷ್ಟು ಹೊತ್ತು" ಅನ್ನುತ್ತಿದ್ದಾರೆ. ದೇಶದ ಹಬ್ಬದಿಂದಾಗಿ ದೇಶಕ್ಕಾಗಿ ಜೈಲಿಗೆ ಹೋದವನ ಮಣ್ಣು ತಡವಾಗುತ್ತದೆ. ಮಾರ್ಚ್ ಮಂಗಳವಾರದಲ್ಲಿ ಇದು ಸಿಗುತ್ತಾ? ತಾರೀಖು ಸುಮ್ನೆ ಅಲಂಕಾರಕ್ಕೆ ಇದ್ದರೆ ತೆಗೆಯಿರಿ. ಕೆಲಸ ಮಾಡುತ್ತಿದ್ದರೆ ಇರಲಿ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಅಧ್ಯಾಯದಲ್ಲಿ ಮಠ ಮಾತಾಡುತ್ತದೆ, ಸರ್ಕಾರ ಮಾತಾಡುತ್ತದೆ, ಮೊಮ್ಮಗ ಎರಡು ಪುಟ ಮಾತಾಡುತ್ತಾನೆ. ಸತ್ತವನು ಏನಂದ? ನಮ್ಮ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಹೋದರು. ತಮ್ಮ ದೇಹಕ್ಕೆ ಏನು ಮಾಡಬೇಕು ಅಂತ 2014ರಲ್ಲೇ ಬರೆದಿಟ್ಟಿದ್ದರು. ಮಣ್ಣು ಮಾಡಬೇಡಿ, ಅಗ್ನಿಗೆ ಕೊಡಿ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ, ಗುಡಿ ಸ್ಮಾರಕ ಏನೂ ಬೇಡ. ಸ್ವಾಮಿಗಳಿಗೆ ಗದ್ದುಗೆ ಕಟ್ಟುವುದೇ ರೂಢಿಯಾದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟಾಗಲೂ ಬೇಡ ಅಂದವರು. ಆದರೂ ಸರ್ಕಾರ ತನ್ನ ಗೌರವ ಸಲ್ಲಿಸಿತು, ಜನ ಸಮುದ್ರದಂತೆ ಬಂದರು, ಕೊನೆಗೆ ಅವರು ಬರೆದಂತೆಯೇ ಅಗ್ನಿಸಂಸ್ಕಾರ ಆಯಿತು.

ನಿಮ್ಮ ಅಜ್ಜನ ಜೇಬಿನಲ್ಲೂ ಒಂದು ಚೀಟಿ ಇರಲಿ. ದೊಡ್ಡ ಮಾತು ಬೇಡ. ಬಾವುಟ ಬೇಡ ಅಂತ ಇರಬಹುದು, ಸ್ವಾಮಿಗಳು ಬೇಡ ಅಂತ ಇರಬಹುದು. ಅದು ಮೊದಲು ಯಾರ ಕೈಗೆ ಸಿಗುತ್ತದೆ, ಅವರು ಅದನ್ನು ಓದಿ ಹೇಳುತ್ತಾರಾ ಮಡಚಿ ಇಟ್ಟುಕೊಳ್ಳುತ್ತಾರಾ, ನನಗಂತೂ ಅದನ್ನು ಓದಬೇಕು.

ಹೊಂಗಲದ ಓದುಗ:

ಚೀಟಿ ಸೊಸೆಯ ಕೈಗೆ ಸಿಗಲಿ ಅನ್ನಿಸುತ್ತಿದೆ. ಅವಳನ್ನು ನಾನು ಇಡೀ ಅಧ್ಯಾಯದಲ್ಲಿ ಚಹಾ ಮಾಡಲು ಬಿಟ್ಟಿದ್ದೆ. ಮರಾಠಿ ಗೆಳೆಯ ಎರಡನೇ ಅಧ್ಯಾಯಕ್ಕೆ ಬರಲಿ, ಮೊದಲನೆಯದರಲ್ಲಿ ಜನ ಜಾಸ್ತಿ ಆಗುತ್ತಾರೆ. ತಾರೀಖು ಬದಲಿಸಲ್ಲ. ಒಂದೇ ಸಂಶಯ: ಆ ವರ್ಷ ಮನೆಮನೆಗೂ ಬಾವುಟ ಹಾರಿಸಿದ್ದರಲ್ಲ, ಅಜ್ಜನ ಮಾಳಿಗೆಯ ಮೇಲೂ ಒಂದು ಇರುತ್ತದೆ. ಸಾವಾದ ಮೇಲೆ ಅದನ್ನು ಅರ್ಧಕ್ಕೆ ಇಳಿಸಬಹುದಾ?

ಬಾದಾಮಿ ಬಸ್ಸು:

ಇಲ್ಲ. ಅರ್ಧಕ್ಕೆ ಇಳಿಸುವುದು ರಾಷ್ಟ್ರಪತಿ, ಪ್ರಧಾನಿಯಂಥ ದೊಡ್ಡವರು ಹೋದಾಗ. ಅದರಲ್ಲೂ ಆಗಸ್ಟ್ 15ರಂದು ಇಳಿಸುವುದಿಲ್ಲ, ದೇಹ ಇರುವ ಕಟ್ಟಡದ ಮೇಲೆ ಮಾತ್ರ ಇಳಿಸಬಹುದು. ಹಳ್ಳಿಯ ಹೋರಾಟಗಾರನಿಗೆ ಆ ನಿಯಮದಲ್ಲಿ ಜಾಗ ಇಲ್ಲ. ಮೊಮ್ಮಗ ಏಣಿ ಹತ್ತಿ ಇಳಿಸಲು ಹೋಗಿ ಪೊಲೀಸರಿಂದ ಬೈಸಿಕೊಳ್ಳಬಹುದು, ಅದು ನಿಮಗೆ ಬಿಟ್ಟದ್ದು.

ಆ ಮಾಳಿಗೆಯ ಬಾವುಟ ಯಾವ ಬಟ್ಟೆಯದು ಅಂತ ಮಾತ್ರ ಮರೆಯದೆ ಬರೆಯಿರಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾವುಟ ಆಗುವ ಖಾದಿಯನ್ನು ನೇಯುವ ಊರುಗಳಲ್ಲಿ ನಮ್ಮ ಬಾಗಲಕೋಟೆಯ ತುಳಸಿಗೇರಿಯೂ ಒಂದು. 2021ರ ಡಿಸೆಂಬರ್ 30ರಂದು ಸಂಹಿತೆ ತಿದ್ದಿ ಪಾಲಿಸ್ಟರ್‌ಗೂ, ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಮುಂದಿನ ಆಗಸ್ಟ್‌ನಲ್ಲಿ ಹಳ್ಳಿಹಳ್ಳಿಗೆ ಬಂದದ್ದು ಬಹುಪಾಲು ಅದೇ. ಅಜ್ಜ ಎಂಬತ್ತು ವರ್ಷ ಖಾದಿ ಬಿಟ್ಟು ಬೇರೆ ತೊಟ್ಟವನಲ್ಲ, ಸಾಯುವ ಹಿಂದಿನ ದಿನ ಮೊಮ್ಮಗ ಆ ಪಾಲಿಸ್ಟರ್ ಬಾವುಟ ತಂದು ತೋರಿಸಿದಾಗ ಬೆರಳಲ್ಲಿ ಮುಟ್ಟಿ ನೋಡಿ ಏನಂದಿರಬಹುದು? ಚೀಟಿಯಲ್ಲಿ ಏನಿದೆ ಅನ್ನುವುದಕ್ಕೆ ನಿಮಗೆ ಅಲ್ಲೇ ಉತ್ತರ ಸಿಗಬಹುದು.