ಆರ್‌ಪಿಎಂ ಮಾಂಟೆ ಕಾರ್ಲೋ: ಎಸ್(ಕೆ)/ಕೆ² ಡಿಬೈ ಬೆಲೆಗೆ ಬರ್ತಿಲ್ಲ, ಬಾಕ್ಸ್ ಹಿಗ್ಗಿಸಿದಷ್ಟೂ ಏರ್ತಿದೆ

ಲವಣ_77:
ಆರ್‌ಪಿಎಂ (ಒಂದೇ ಗಾತ್ರದ ಧನ-ಋಣ ಗಟ್ಟಿ ಗೋಲಿಗಳ ಅಯಾನು ಮಾದರಿ), ಎವಾಲ್ಡ್ ಮೊತ್ತ (ಆವರ್ತಕ ಬಾಕ್ಸಿನಲ್ಲಿ ದೂರದ ವಿದ್ಯುತ್ ಶಕ್ತಿ ಕೂಡೋ ವಿಧಾನ), ಎಲ್ಲ ಮಾಮೂಲಿ ಸೆಟಪ್. ಚಾರ್ಜ್-ಚಾರ್ಜ್ ಎಸ್(ಕೆ), ಅಂದ್ರೆ ತರಂಗ ಸಂಖ್ಯೆ ಕೆಯಲ್ಲಿ ಚಾರ್ಜಿನ ಏರಿಳಿತದ ಅಳತೆ, ತೆಗೆದು ಕೆ² ಇಂದ ಭಾಗಿಸಿದ್ರೆ, ಕೆ ಸೊನ್ನೆ ಹತ್ರ 1/ಕಪ್ಪಾ² ಬರಬೇಕು (1/ಕಪ್ಪಾ ಅಂದ್ರೆ ಡಿಬೈ ಉದ್ದ, ಒಂದು ಚಾರ್ಜಿನ ಪ್ರಭಾವ ಸುತ್ತಲ ಅಯಾನುಗಳಿಂದ ಮುಚ್ಚಿಹೋಗೋ ದೂರ). ಸ್ಟಿಲಿಂಜರ್-ಲವೆಟ್ ನಿಯಮ ಹೇಳೋದು ಅದನ್ನೇ. ನನಗೆ ಹತ್ತಾರು ಪಟ್ಟು ಜಾಸ್ತಿ ಬರ್ತಿದೆ. ಬಾಕ್ಸ್ ದೊಡ್ಡದು ಮಾಡಿದ್ರೆ ಇಳಿಯೋದಿರ್ಲಿ, ಇನ್ನೂ ಏರುತ್ತೆ. ಕೋಡ್ ಎರಡು ಸಲ ಮೊದಲಿಂದ ಬರೆದಾಯ್ತು. ತಲೆ ಕೆಟ್ಟುಹೋಗಿದೆ, ಯಾರಾದ್ರೂ ದಾರಿ ತೋರಿಸಿ.

ಎವಾಲ್ಡ್_ಹುಡುಗ:
ಆಲ್ಫಾ (ಎವಾಲ್ಡ್ ಮೊತ್ತವನ್ನ ಹತ್ರದ, ದೂರದ ಭಾಗವಾಗಿ ಹಂಚೋ ಸಂಖ್ಯೆ) ಎಷ್ಟು? ನೂರಕ್ಕೆ ತೊಂಬತ್ತು ಸಲ ತಪ್ಪು ಅಲ್ಲೇ ಇರುತ್ತೆ. ಹತ್ರದ ಭಾಗದ ಕಟಾಫ್ ಎಲ್/2 (ಎಲ್ ಅಂದ್ರೆ ಬಾಕ್ಸಿನ ಬದಿ) ಆದ್ರೆ ಆಲ್ಫಾ × ಎಲ್ = 5.6 ಇಡಿ, ದೂರದ ಭಾಗಕ್ಕೆ ಎನ್² ≤ 36 ವರೆಗಿನ ಪೂರ್ಣಾಂಕ ವೆಕ್ಟರ್ ಎಲ್ಲ ಸೇರಿಸಿ. ಆಮೇಲೆ 64 ಅಯಾನುಗಳನ್ನು ಉಪ್ಪಿನ ಹರಳಿನ ಹಾಗೆ 4×4×4 ಜೋಡಿಸಿ, ಒಟ್ಟು ಶಕ್ತಿ −55.922 ಬರಬೇಕು (ಜೋಡಿಗೆ 1.747565). ಬರದಿದ್ರೆ ಮುಂದಿನ ಮಾತೇ ಬೇಡ.

ಕ್ರಿಟಿಕಲ್_ಕಣ:
ಕ್ರಿಟಿಕಲ್ ಬಿಂದುವಿನ (ಆವಿ-ದ್ರವ ಅನ್ನೋ ಭೇದ ಅಳಿಸಿಹೋಗೋ ಬಿಂದು) ಹತ್ರ ಓಡಿಸ್ತಿದ್ದೀರಾ? ಹಾಗಿದ್ರೆ ಅದು ಬಗ್ ಅಲ್ಲ, ಭೌತಶಾಸ್ತ್ರ. 2011ರಲ್ಲಿ ದಾಸ್, ಕಿಮ್, ಫಿಶರ್ ತೋರಿಸಿದ್ದು ಇದನ್ನೇ: ಕ್ರಿಟಿಕಲ್ ಬಿಂದುವಿನಲ್ಲಿ ಆರ್‌ಪಿಎಂ ಎರಡನೇ ಮೊಮೆಂಟ್ ನಿಯಮ (ನೀವು ಹೇಳಿದ ಸ್ಟಿಲಿಂಜರ್-ಲವೆಟ್ ನಿಯಮವೇ) ಪಾಲಿಸಲ್ಲ.

ಲವಣ_77:
ಆಲ್ಫಾ ಅಷ್ಟೇ ಇದೆ. ಹರಳಿನ ಟೆಸ್ಟ್ −55.922 ಬಂತು. ಟಿ* (ಏಕಮಾನವಿಲ್ಲದ ತಾಪಮಾನ) 0.0495, ರೋ* (ಹಾಗೇ ಸಾಂದ್ರತೆ) 0.08.

ಎವಾಲ್ಡ್_ಹುಡುಗ:
ಎನ್² ≤ 64 ಮಾಡಿ ನೋಡಿ.

ಲವಣ_77:
ಮಾಡಿದೆ, ಕೂದಲೆಳೆಯಷ್ಟೂ ಬದಲಾಗಿಲ್ಲ. ಟಿ* 0.1ರಲ್ಲೂ ಇದೇ ಕಥೆ.

ಎವಾಲ್ಡ್_ಹುಡುಗ:
ಹಾಗಾದ್ರೆ ಸುತ್ತಲಿನ ಮಾಧ್ಯಮ. ಬಾಕ್ಸುಗಳ ಸುತ್ತ ವ್ಯಾಕ್ಯೂಮ್ ಇದ್ರೆ ಬರೋ ಪದ, ಅಂದ್ರೆ 2 ಪೈ ಎಂ²/3ವಿ (ಎಂ ಬಾಕ್ಸಿನ ಒಟ್ಟು ಡೈಪೋಲ್, ವಿ ಗಾತ್ರ), ಸೇರಿಸಿದ್ದೀರಾ?

ಡಿಬೈ_ಉದ್ದ:
ಅಯಾನು ದ್ರವಕ್ಕೆ ಆ ಪದ ಯಾಕ್ರೀ? ಒಂದು ಅಯಾನು ಬಾಕ್ಸಿನ ಗೋಡೆ ದಾಟಿದ ಕೂಡಲೇ ಎಂ ಒಮ್ಮೆಗೇ ಎಲ್‌ನಷ್ಟು ಜಿಗಿಯುತ್ತೆ, ಶಕ್ತಿಯೂ ಜಿಗಿಯುತ್ತೆ. ಟಿನ್-ಫಾಯಿಲ್ (ಸುತ್ತ ಲೋಹವಿದೆ ಅಂತ ಹಿಡಿದು ಆ ಪದ ಬಿಡೋದು) ಬಿಟ್ಟು ಬೇರೆ ಮಾತಿಲ್ಲ.

ಎವಾಲ್ಡ್_ಹುಡುಗ:
ಗೋಡೆ ದಾಟಿದ ಲೆಕ್ಕ ಇಟ್ಟು, ಮಡಚದ ಸ್ಥಾನ ಬಳಸಿದ್ರೆ ಜಿಗಿಯಲ್ಲ.

ಡಿಬೈ_ಉದ್ದ:
ಅಯಾನು ಜೋಡಿ ಸೇರಿಸಿ ತೆಗೆಯೋ ಗ್ರ್ಯಾಂಡ್ ಕನಾನಿಕಲ್ ಸಿಮ್ಯುಲೇಶನ್‌ನಲ್ಲಿ ದಾಟಿದ ಲೆಕ್ಕ ಅನ್ನೋದಕ್ಕೆ ಅರ್ಥವೇ ಇಲ್ಲ.

ಜಿಪಿಯು_ಗೌಡ:
ನಾನು 16 ಕೋರ್ ರೈಜೆನ್ ಮೇಲೆ 16 ತಾಪಮಾನ ಒಟ್ಟಿಗೆ ಓಡಿಸ್ತೀನಿ, ರೆಪ್ಲಿಕಾ ಅದಲುಬದಲು ಸಮೇತ. ಜೋಡಿ ಸೇರಿಸುವಾಗ ದೂರದ ಬಯಾಸ್ (ಎರಡನ್ನೂ ಹತ್ರ ಹತ್ರ ಇಡೋ ಒಲವು) ಇಲ್ಲದಿದ್ರೆ ಟಿ* 0.05ರಲ್ಲಿ ಒಂದೂ ಸ್ವೀಕಾರ ಆಗಲ್ಲ. ಅಂಟಿಕೊಂಡ ಜೋಡಿಯ ಬಂಧದ ಶಕ್ತಿಯೇ 20 ಕೆಟಿ (ಕೆಟಿ ಅಂದ್ರೆ ಉಷ್ಣ ಶಕ್ತಿ). ಎಲ್ = 16 ಕೂಡ ನನ್ನಲ್ಲಿ ಸಲೀಸು.

ಕೆ_ಸೊನ್ನೆ:
ಲವಣ ಅವರೇ, ನೀವು ಹೇಳದೇ ಬಿಟ್ಟ ಒಂದು ವಿಷಯ: ಕೆ ಯಾವ ಬೆಲೆಗಳಲ್ಲಿ ಲೆಕ್ಕ ಹಾಕ್ತಿದ್ದೀರಿ?

ಲವಣ_77:
0.01 ಇಂದ 2 ವರೆಗೆ, 0.01 ಹೆಜ್ಜೆ. ಸೊನ್ನೆ ಹತ್ರ ಹೋಗಬೇಕಲ್ಲ.

ಕೆ_ಸೊನ್ನೆ:
ಅದೇ ತಪ್ಪು. ಆವರ್ತಕ ಬಾಕ್ಸಿನಲ್ಲಿ 2 ಪೈ/ಎಲ್‌ನ ಪೂರ್ಣಾಂಕ ಗುಣಕಗಳಷ್ಟೇ ಕೆ. ಮಿಕ್ಕವು ಇಲ್ಲವೇ ಇಲ್ಲ.

ಯಾಕೆ ಅಂದ್ರೆ: ಎಲ್ = 10 ಬಾಕ್ಸಿನ ಗೋಡೆಯ ಮೇಲೆ ಕೂತ ಒಂದು ಜೋಡಿ ನೋಡಿ. ಧನ ಅಯಾನು ಎಕ್ಸ್ = 9.8ರಲ್ಲಿ, ಋಣ ಅಯಾನು 10.8 ಆಗಬೇಕಾದ್ದು ಮಡಚಿ 0.8ಕ್ಕೆ ಬಂದಿದೆ. ನಿಜವಾದ ದೂರ 1, ನಿಮ್ಮ ಮೊತ್ತಕ್ಕೆ ಕಾಣೋದು 9. ಸರಿಯಾದ ಕೆ ಆದ್ರೆ 10ರ ವ್ಯತ್ಯಾಸ ಪೂರ್ತಿ ಸುತ್ತು ಹಾಕಿ ಅಳಿಸಿಹೋಗುತ್ತೆ, ನಿಮ್ಮ 0.01ಕ್ಕೆ ಅಳಿಸಲ್ಲ. ಹೀಗೆ ಗೋಡೆ ತುಂಡರಿಸಿದ ಜೋಡಿಗಳ ಸಂಖ್ಯೆ ಎಲ್²ನಂತೆ ಬೆಳೆಯುತ್ತೆ, ಪ್ರತಿಯೊಂದರ ಸುಳ್ಳು ಡೈಪೋಲ್ ಎಲ್‌ನಷ್ಟು. ವರ್ಗ ಮಾಡಿ ಕೂಡಿದ್ರೆ ಎಲ್⁴, ಎನ್ (ಅಯಾನುಗಳ ಸಂಖ್ಯೆ, ಎಲ್³ನಂತೆ ಬೆಳೆಯುತ್ತೆ) ಇಂದ ಭಾಗಿಸಿದ್ರೆ ಉಳಿಯೋದು ಎಲ್. ಬಾಕ್ಸ್ ಹಿಗ್ಗಿಸಿದಷ್ಟೂ ಏರೋದು ಅದಕ್ಕೇ. ಎವಾಲ್ಡ್ ಪಾಪ, ಅದರ ತಪ್ಪೇನೂ ಇಲ್ಲ.

ಮೊದಲು ಟಿ* 0.1, ರೋ* 0.1, 100 ಅಯಾನು, ಎಲ್ = 10 ಇಟ್ಟು ನೋಡಿ. ಕಪ್ಪಾ² = 4 ಪೈ ರೋ/ಟಿ = 12.57. ರೋ ಅಂದ್ರೆ ಎರಡೂ ಬಗೆಯ ಅಯಾನು ಸೇರಿ. ಒಂದೇ ಬಗೆ ಹಾಕಿದ್ರೆ ಅರ್ಧಕ್ಕಿಳಿಯುತ್ತೆ. ಅತಿ ಚಿಕ್ಕ ಕೆ 0.628, ಅಲ್ಲಿ ಎಸ್ ಸುಮಾರು 0.031 ಬರಬೇಕು. ಎಕ್ಸ್, ವೈ, ಝಡ್ ಮೂರರ ಸರಾಸರಿ ತೆಗೀರಿ.

ಲವಣ_77:
0.030 ಬಂತು! ಕ್ರಿಟಿಕಲ್ ಹತ್ರದ ಓಟವನ್ನೂ ಮತ್ತೆ ಹಚ್ಚಿದ್ದೀನಿ.

ಕ್ರಿಟಿಕಲ್_ಕಣ:
ಆದರೂ ಟಿ* 0.0495ರಲ್ಲಿ ವ್ಯತ್ಯಾಸ ಉಳಿದೇ ಉಳಿಯುತ್ತೆ, ನೋಡ್ತಾ ಇರಿ.

ಕೆ_ಸೊನ್ನೆ:
ಉಳಿದ್ರೂ ಹತ್ತಾರು ಪಟ್ಟು ಅಲ್ಲ. ಅದೂ ಒಂದು ಬಾಕ್ಸಿನಿಂದ ತಿಳಿಯಲ್ಲ, ಹಲವು ಎಲ್ ಬೇಕು. ಅಲ್ಲಿ ಸಾಂದ್ರತೆ ಆವಿಯಿಂದ ದ್ರವಕ್ಕೆ ತೂಗಾಡ್ತಿರುತ್ತೆ, ಆದ್ದರಿಂದ ಎನ್ ಬದಲು ವಿ ಇಂದ ಭಾಗಿಸಿ. ಆಗ ನಿಯಮ ಹೇಳೋ ಬೆಲೆ ಟಿ* × ಕೆ²/4 ಪೈ, ರೋ ಅಲ್ಲಿ ಬರೋದೇ ಇಲ್ಲ.

ಜಿಪಿಯು_ಗೌಡ:
ಎಲ್ = 20ಕ್ಕೆ ಕಣ-ಜಾಲರಿ ಎವಾಲ್ಡ್ (ಚಾರ್ಜುಗಳನ್ನ ಜಾಲರಿಗೆ ಹಂಚಿ ಎಫ್‌ಎಫ್‌ಟಿ, ಅಂದ್ರೆ ವೇಗದ ಫೂರಿಯೆ ಲೆಕ್ಕ, ಮಾಡೋ ವಿಧಾನ) ಹಾಕೋದು ವಾಸಿ. ನನ್ನ ಕೋಡಿನಲ್ಲಿ ಜಾಲರಿ 64³.

ಎವಾಲ್ಡ್_ಹುಡುಗ:
ಒಂದೊಂದೇ ಅಯಾನು ಕದಲಿಸೋ ಮಾಂಟೆ ಕಾರ್ಲೋದಲ್ಲಿ ಪ್ರತಿ ನಡೆಗೂ 64³ ಎಫ್‌ಎಫ್‌ಟಿ ಹೇಗೆ ವಾಸಿ? ಇದಕ್ಕೆ ಬೇರೆ ಚರ್ಚೆ ತೆರೀತೀನಿ, ಅಲ್ಲಿ ಬನ್ನಿ.